ಕೈಸರನ ಕತ್ತಿ, ದೇವರ ರಾಜ್ಯ

ಸರ್ಕಾರ ಎಂಬುದು ಕ್ರೈಸ್ತನಿಗೆ ಏನಾಗಬೇಕು ಎಂಬ ಪ್ರಶ್ನೆಗೆ ಎರಡು ಸಾವಿರ ವರ್ಷಗಳಲ್ಲಿ ಒಂದೇ ಉತ್ತರ ಬಂದಿಲ್ಲ. ರಾಜನೇ ದೇವರ ಪ್ರತಿನಿಧಿ ಎಂದವರಿದ್ದಾರೆ. ಆಡಳಿತವೆಂಬುದೇ ದೇವರ ವಿರುದ್ಧದ ದಂಗೆಯಿಂದ ಹುಟ್ಟಿದ್ದು ಎಂದು ಮತವನ್ನೂ ಹಾಕದೆ ಉಳಿದವರಿದ್ದಾರೆ. ರಾಜನ ತಲೆಯನ್ನೇ ಕಡಿಸಿದವರೂ ಇದ್ದಾರೆ. ಎಲ್ಲರ ಕೈಯಲ್ಲಿದ್ದದ್ದೂ ಅದೇ ಬೈಬಲ್. ಇದನ್ನು ವಚನಗಳ ವ್ಯಾಖ್ಯಾನಭೇದ ಎಂದಷ್ಟೇ ಹೇಳಿ ಮುಗಿಸಿದರೆ ಅರ್ಧ ಸಂಗತಿ ಮಾತ್ರ ತಿಳಿದಂತಾಗುತ್ತದೆ. ಆಯಾ ಕಾಲದಲ್ಲಿ ಚರ್ಚು ಕತ್ತಿಯ ಮೊನೆಯ ಕಡೆ ಇತ್ತೋ ಹಿಡಿಯ ಕಡೆ ಇತ್ತೋ ಎಂಬುದನ್ನೂ ನೋಡಬೇಕು. ದೇವರ ರಾಜ್ಯ ಈಗಾಗಲೇ ಬಂದಿದೆ ಎಂದು ನಂಬಿದ್ದರೋ, ಬರಲಿದೆ ಎಂದು ಕಾಯುತ್ತಿದ್ದರೋ, ತಾವೇ ತರಬೇಕೆಂದು ಹೊರಟಿದ್ದರೋ ಎಂಬುದನ್ನೂ ಕೇಳಬೇಕು. ಈ ಎರಡು ಪ್ರಶ್ನೆಗಳನ್ನು ಹಿಡಿದು ಹೊರಟರೆ ಎಷ್ಟೋ ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ನಾಣ್ಯದ ಪ್ರಸಂಗ. ಕ್ರಿ.ಶ. 6ರಲ್ಲಿ ಯೂದಾಯವು ನೇರವಾಗಿ ರೋಮನ್ನರ ಆಡಳಿತಕ್ಕೆ ಸೇರಿದಾಗ ತೆರಿಗೆಗಾಗಿ ಜನಗಣತಿ ನಡೆಯಿತು. ಗಲಿಲಾಯದ ಯೂದನೆಂಬವನು ಅದರ ವಿರುದ್ಧ ದಂಗೆಯೆದ್ದ. ದೇವರೊಬ್ಬನೇ ಅರಸ, ಆದ್ದರಿಂದ ರೋಮಿಗೆ ಕಂದಾಯ ಕಟ್ಟುವುದು ದೈವದ್ರೋಹ ಎಂಬುದು ಅವನ ಪಕ್ಷ. ಸುಮಾರು ಕಾಲು ಶತಮಾನದ ಮೇಲೆ ಯೆರೂಸಲೇಮಿನ ದೇವಾಲಯದಲ್ಲಿ ಯೇಸುವನ್ನು ಕೇಳಿದ ಪ್ರಶ್ನೆಯ ಹಿಂದೆ ಇದ್ದದ್ದು ಈ ನೆನಪು. ಕಂದಾಯ ಕೊಡಬೇಕು ಎಂದರೆ ಜನ ಬಿಟ್ಟುಹೋಗುತ್ತಾರೆ, ಕೊಡಬಾರದು ಎಂದರೆ ರೋಮ್ ಹಿಡಿಯುತ್ತದೆ. ಯೇಸುವಿನ ಹತ್ತಿರ ನಾಣ್ಯವಿರಲಿಲ್ಲ. ಕೇಳಿದವರೇ ತಂದು ತೋರಿಸಬೇಕಾಯಿತು. ತಿಬೇರಿಯನ ಬೆಳ್ಳಿ ದಿನಾರಿಯ ಮೇಲೆ ಅವನ ತಲೆಯ ಅಚ್ಚು, ಸುತ್ತಲೂ ದೈವವಾದ ಅಗಸ್ಟಸನ ಮಗ ಎಂಬ ಬರಹ. ವಿಗ್ರಹವನ್ನೊಪ್ಪದವರ ದೇವಾಲಯದೊಳಗೆ ಅದು ಯಾರ ಜೇಬಿನಲ್ಲಿತ್ತು ಎಂಬುದೇ ಅರ್ಧ ಉತ್ತರ. ಕೈಸರನದನ್ನು ಕೈಸರನಿಗೂ ದೇವರದನ್ನು ದೇವರಿಗೂ ಸಲ್ಲಿಸಬೇಕೆಂದ ಯೇಸು ಯಾವುದು ಯಾರದು ಎಂಬ ಪಟ್ಟಿಯನ್ನು ಮಾತ್ರ ಕೊಡಲಿಲ್ಲ. ಮುಂದಿನ ಇಡೀ ಚರಿತ್ರೆ ಆ ಪಟ್ಟಿಯ ಮೇಲಿನ ಜಗಳ. ಲೂಕನ ಸುವಾರ್ತೆಯ ಪ್ರಕಾರ, ಪಿಲಾತನ ಮುಂದೆ ಯೇಸುವಿನ ಮೇಲೆ ಹೊರಿಸಿದ ಆಪಾದನೆಗಳಲ್ಲಿ ಕಂದಾಯ ಕಟ್ಟಬೇಡಿರೆಂದು ಹೇಳುತ್ತಾನೆ ಎಂಬುದೂ ಒಂದು. ಉತ್ತರ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿರಲಿಲ್ಲವೆಂದಾಯಿತು, ಇಲ್ಲವೇ ಕೆಲವರಿಗೆ ಬೇಕಾದಂತೆ ಕೇಳಿಸಿತ್ತು.

ಎರಡನೆಯ ಆಧಾರವಚನ ಪೌಲನು ಸುಮಾರು 57ರಲ್ಲಿ ರೋಮಾಪುರದವರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯ. ನೀರೋ ಪಟ್ಟಕ್ಕೆ ಬಂದು ಮೂರು ವರ್ಷವಾಗಿತ್ತು. ಅವನ ಕ್ರೌರ್ಯ ಇನ್ನೂ ಹೊರಬಿದ್ದಿರಲಿಲ್ಲ. ಕ್ಲೌದಿಯನ ಕಾಲದಲ್ಲಿ ರೋಮಿನಿಂದ ಹೊರದೂಡಿಸಿಕೊಂಡಿದ್ದ ಯೆಹೂದ್ಯರು ಆಗಷ್ಟೇ ಮರಳುತ್ತಿದ್ದರು. ಸುಂಕದವರ ಹಾವಳಿಯ ಬಗ್ಗೆ 58ರಲ್ಲಿ ರೋಮಿನಲ್ಲಿ ಜನರ ದೂರು ಜೋರಾಗಿತ್ತೆಂದು ಟ್ಯಾಸಿಟಸ್ ಬರೆದಿದ್ದಾನೆ. ಇಂಥ ಹೊತ್ತಿನಲ್ಲಿ ಪೌಲ ಹೇಳುವುದು: ಅಧಿಕಾರಗಳು ದೇವರ ನೇಮಕ, ಅಧಿಕಾರಿಯ ಕತ್ತಿ ವ್ಯರ್ಥವಾಗಿ ಇರುವುದಲ್ಲ, ಕಂದಾಯವನ್ನು ಕಟ್ಟಬೇಕು. ಆದರೆ ಇದಕ್ಕೆ ಸ್ವಲ್ಪ ಮೇಲೆ, ಹನ್ನೆರಡನೆಯ ಅಧ್ಯಾಯದ ಕೊನೆಯಲ್ಲಿ, ಸೇಡು ತೀರಿಸಿಕೊಳ್ಳಬಾರದು, ಹಸಿದ ವೈರಿಗೆ ಊಟ ಹಾಕಬೇಕು ಎಂದಿದ್ದಾನೆ. ಶಿಷ್ಯನಿಗೆ ನಿಷೇಧಿಸಿದ ಅದೇ ದಂಡನೆಯ ಕೆಲಸ ಕೆಲವೇ ಸಾಲುಗಳ ನಂತರ ಅಧಿಕಾರಿಗೆ ಒಪ್ಪಿತವಾಗುತ್ತದೆ. ಹಾಗಾದರೆ ಶಿಷ್ಯನೇ ಅಧಿಕಾರಿಯಾದರೆ? ಪೌಲನ ಕಾಲಕ್ಕೆ ಆ ಪ್ರಶ್ನೆ ಬಹುಮಟ್ಟಿಗೆ ಊಹೆಯದು. ಮುನ್ನೂರು ವರ್ಷಗಳ ನಂತರ ಅದೊಂದೇ ಪ್ರಶ್ನೆ ಉಳಿಯಿತು.

ಹೊಸ ಒಡಂಬಡಿಕೆಯಲ್ಲೇ ಇದಕ್ಕೆ ಎದುರು ದನಿಗಳಿವೆ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದು ಪೇತ್ರನು ಯೆಹೂದ್ಯರ ಹಿರೀಸಭೆಯ ಮುಂದೆ ಹೇಳುತ್ತಾನೆ. ಪ್ರಕಟನೆ ಗ್ರಂಥದ ಹದಿಮೂರನೆಯ ಅಧ್ಯಾಯದಲ್ಲಿ ಅದೇ ರೋಮ್ ಸಮುದ್ರದಿಂದ ಏರಿಬರುವ ಮೃಗವಾಗಿ ಕಾಣುತ್ತದೆ. ಎರಡು ಹದಿಮೂರನೆಯ ಅಧ್ಯಾಯಗಳ ನಡುವೆ ಸುಮಾರು ನಲವತ್ತು ವರ್ಷಗಳ ಅಂತರವಿದ್ದಿರಬೇಕು. ಆ ನಡುವೆ 64ರ ಬೆಂಕಿ ಅನಾಹುತಕ್ಕೆ ಕ್ರೈಸ್ತರನ್ನು ಹೊಣೆಮಾಡಿ ನೀರೋ ಕೊಲ್ಲಿಸಿದ್ದ.

ಮೊದಲ ಮೂರು ಶತಮಾನಗಳ ನಿಲುವು ಹೆಚ್ಚುಕಡಿಮೆ ಒಂದೇ ತೆರನಾಗಿದೆ: ಕಂದಾಯ ಕಟ್ಟುವುದು, ಚಕ್ರವರ್ತಿಗಾಗಿ ಪ್ರಾರ್ಥಿಸುವುದು, ಅವನ ಪ್ರತಿಮೆಗೆ ಧೂಪ ಹಾಕದಿರುವುದು. ಕಾರ್ಥೇಜಿನ ತೆರ್ತುಲ್ಲಿಯನು 197ರ ಸುಮಾರಿಗೆ ಬರೆದ ಸಮರ್ಥನಾಗ್ರಂಥದಲ್ಲಿ ಚಕ್ರವರ್ತಿಯನ್ನು ದೇವರೆನ್ನದೆ ಮನುಷ್ಯನೆನ್ನುವುದೇ ಅವನಿಗೆ ಕ್ಷೇಮ ಎಂಬ ವಾದ ಹೂಡುತ್ತಾನೆ. ಕ್ರೈಸ್ತರು ಸೈನ್ಯಕ್ಕೆ ಸೇರದಿದ್ದರೆ, ಅಧಿಕಾರ ವಹಿಸದಿದ್ದರೆ ಸಾಮ್ರಾಜ್ಯವನ್ನು ಕಾಯುವವರು ಯಾರು ಎಂದು ಕೆಲ್ಸಸ್ ಎಂಬ ಟೀಕಾಕಾರ ಕೇಳಿದ. ಅಲೆಕ್ಸಾಂಡ್ರಿಯದ ಓರಿಗೆನ್ 248ರ ಹೊತ್ತಿಗೆ ಕೊಟ್ಟ ಉತ್ತರ: ರೋಮಿನ ಪೂಜಾರಿಗಳು ಕೈಗೆ ರಕ್ತ ಸೋಕದಿರಲೆಂದು ಸೈನ್ಯದಿಂದ ವಿನಾಯಿತಿ ಪಡೆದಿಲ್ಲವೇ? ಕ್ರೈಸ್ತರೂ ಹಾಗೆಯೇ ಪ್ರಾರ್ಥನೆಯಿಂದ ಅರಸನಿಗೆ ಸೇವೆ ಸಲ್ಲಿಸುತ್ತಾರೆ. ಸೊಗಸಾದ ಉತ್ತರವೇ, ಆದರೆ ಕೆಲ್ಸಸನ ಪ್ರಶ್ನೆ ಅದರಿಂದ ಕರಗಲಿಲ್ಲ. ಪೂಜಾರಿಗಳು ಎಲ್ಲ ಕಾಲದಲ್ಲೂ ಬೆರಳೆಣಿಕೆಯವರು. ಊರಿಗೆ ಊರೇ ಪೂಜಾರಿಗಳಾದರೆ ಏನಾಗಬೇಕು?

ಊರಿಗೆ ಊರೇ ಆಯಿತು. 303ರಲ್ಲಿ ಡಯೊಕ್ಲೀಶಿಯನ್ ಚರ್ಚುಗಳನ್ನು ಕೆಡವಿಸುತ್ತಿದ್ದ. 313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಕ್ರೈಸ್ತರಿಗೆ ಸ್ವಾತಂತ್ರ್ಯ ಕೊಟ್ಟರು. 325ರಲ್ಲಿ ಚಕ್ರವರ್ತಿ ನಿಕೆಯ ಸಭೆಯಲ್ಲಿ ಬಿಷಪರ ನಡುವೆ ಕುಳಿತಿದ್ದ. 380ರಲ್ಲಿ ಥಿಯೊಡೋಸಿಯಸ್ ನಿಕೆಯದ ನಂಬಿಕೆಯನ್ನೇ ಸಾಮ್ರಾಜ್ಯದ ಧರ್ಮವಾಗಿಸಿದ. ಎಂಟು ದಶಕ ತುಂಬುವ ಮೊದಲೇ ಮೊನೆಯ ಕಡೆ ಇದ್ದವರು ಹಿಡಿಯ ಕಡೆಗೆ ಬಂದರು. ಕೈಸರೈಯದ ಬಿಷಪ್ ಯುಸೇಬಿಯಸ್ ಕಾನ್‌ಸ್ಟಂಟೈನನ ಮೂವತ್ತನೆಯ ಪಟ್ಟಾಭಿಷೇಕೋತ್ಸವದ ಭಾಷಣದಲ್ಲಿ, ಪರಲೋಕದಲ್ಲಿ ಒಬ್ಬನೇ ದೇವರಿರುವಂತೆ ಭೂಮಿಯಲ್ಲಿ ಒಬ್ಬನೇ ಚಕ್ರವರ್ತಿ ಎಂದು ಹೊಗಳಿದ. ಶಿರಚ್ಛೇದವನ್ನು ಕಣ್ಣಾರೆ ಕಂಡ ತಲೆಮಾರಿನವನು ಹೀಗೆ ಉಬ್ಬಿದ್ದನ್ನು ಅಪಹಾಸ್ಯ ಮಾಡುವುದು ಇಂದಿನವರಿಗೆ ಸುಲಭ. ಆದರೂ ಆ ಭಾಷಣದಲ್ಲಿ ಬರಲಿರುವ ದೇವರ ರಾಜ್ಯಕ್ಕೆ ಉಳಿದಿರುವ ಜಾಗ ತೀರಾ ಕಡಿಮೆ ಎಂಬುದು ನಿಜ. ಬಿಜಾಂಟಿಯಮ್ಮಿನ ಪೌರಸ್ತ್ಯ ಚರ್ಚು ಈ ದಾರಿಯಲ್ಲೇ ಮುಂದೆ ನಡೆಯಿತು. ಅರಸೊತ್ತಿಗೆಯೂ ಪೌರೋಹಿತ್ಯವೂ ಒಂದೇ ದೇವರ ಎರಡು ವರಗಳು, ಅವು ಹೊಂದಿಕೊಂಡು ನಡೆಯಬೇಕು ಎಂಬುದು 535ರ ಜಸ್ಟಿನಿಯನ್ ಶಾಸನದ ತಿರುಳು. ರಷ್ಯದವರೆಗೂ ಆ ಕಲ್ಪನೆ ಹೋಯಿತು. ಪಶ್ಚಿಮದಲ್ಲಿ ಮಾತ್ರ ಅದಕ್ಕೆ ಬೇಗನೆ ತಡೆ ಬಿತ್ತು. 390ರಲ್ಲಿ ಥೆಸಲೊನೀಕದಲ್ಲಿ ಥಿಯೊಡೋಸಿಯಸನ ಸೈನಿಕರು ನಡೆಸಿದ ಹತ್ಯಾಕಾಂಡಕ್ಕಾಗಿ ಮಿಲಾನಿನ ಬಿಷಪ್ ಆಂಬ್ರೋಸ್ ಚಕ್ರವರ್ತಿಯಿಂದಲೇ ಬಹಿರಂಗ ಪ್ರಾಯಶ್ಚಿತ್ತ ಮಾಡಿಸಿದ.

ಯುಸೇಬಿಯಸನ ಕನಸಿಗೆ ಪೂರ್ಣ ಉತ್ತರ ಬರೆದವನು ಹಿಪ್ಪೋ ನಗರದ ಆಗಸ್ಟಿನ್. 410ರಲ್ಲಿ ಗಾಥರು ರೋಮನ್ನು ಸೂರೆಗೊಂಡಾಗ, ಹಳೆಯ ದೇವರುಗಳನ್ನು ಬಿಟ್ಟದ್ದರ ಫಲವಿದು ಎಂಬ ಮಾತು ಹಬ್ಬಿತು. 413ರಿಂದ 426ರವರೆಗೆ ಬರೆದ ಇಪ್ಪತ್ತೆರಡು ಸಂಪುಟಗಳ ‘ದೇವನಗರಿ’ ಅದಕ್ಕೆ ಜವಾಬು. ಚರಿತ್ರೆಯ ಉದ್ದಕ್ಕೂ ಎರಡು ನಗರಗಳಿವೆ ಎಂಬುದು ಅದರ ಹೂರಣ: ದೇವರನ್ನು ಪ್ರೀತಿಸುವವರದು ಒಂದು, ತಮ್ಮನ್ನೇ ಪ್ರೀತಿಸುವವರದು ಇನ್ನೊಂದು. ಎರಡಕ್ಕೂ ಗಡಿಕಲ್ಲುಗಳಿಲ್ಲ, ಒಂದೇ ಬೀದಿಯಲ್ಲಿ, ಒಂದೇ ಚರ್ಚಿನಲ್ಲಿ ಬೆರೆತಿವೆ, ಕೊನೆಯ ತೀರ್ಪಿನ ದಿನವೇ ಬೇರಾಗುತ್ತವೆ. ಹಾಗಾಗಿ ರೋಮ್ ದೇವರ ರಾಜ್ಯವೂ ಅಲ್ಲ, ಶುದ್ಧ ಮೃಗವೂ ಅಲ್ಲ. ನ್ಯಾಯ ಬಿಟ್ಟುಹೋದರೆ ರಾಜ್ಯಕ್ಕೂ ದರೋಡೆಕೋರರ ಗುಂಪಿಗೂ ವ್ಯತ್ಯಾಸವೇನು ಎಂದು ಕೇಳುವ ಆಗಸ್ಟಿನ್, ಅದೇ ರಾಜ್ಯ ಒದಗಿಸುವ ಸಾಧಾರಣ ಶಾಂತಿಯನ್ನು ಯಾತ್ರಿಕರಾದ ಕ್ರೈಸ್ತರೂ ಬಳಸಿಕೊಳ್ಳುತ್ತಾರೆ ಎಂದೂ ಒಪ್ಪುತ್ತಾನೆ. ಸೆರೆಮನೆ, ಚಿತ್ರಹಿಂಸೆ, ಗಲ್ಲು ಇವೆಲ್ಲ ಪಾಪದ ಲೋಕದ ದುಃಖಕರ ಅಗತ್ಯಗಳು; ನ್ಯಾಯಾಧೀಶ ನಿರಪರಾಧಿಯನ್ನು ತಿಳಿಯದೆ ದಂಡಿಸಿಬಿಡಬಹುದು, ಆದರೂ ಪೀಠ ಬಿಟ್ಟೇಳುವಂತಿಲ್ಲ, ಕಣ್ಣೀರಿಡುತ್ತಲೇ ಕೂರಬೇಕು. ರಾಜ್ಯಾಡಳಿತವನ್ನು ಇಷ್ಟು ಅಳತೆಯಿಂದ ತೂಗಿದ ಬರಹ ಕ್ರೈಸ್ತ ಸಾಹಿತ್ಯದಲ್ಲಿ ಹೆಚ್ಚಿಲ್ಲ.

ಆದರೆ ಅದೇ ಆಗಸ್ಟಿನ್ ಉತ್ತರ ಆಫ್ರಿಕದ ಡೊನಾಟಿಸ್ಟ್ ಪಂಥದವರ ವಿಷಯದಲ್ಲಿ ಬೇರೆ ದಾರಿ ಹಿಡಿದ. ಮೊದಲು ವಾದದಿಂದಲೇ ಗೆಲ್ಲಬೇಕೆಂದಿದ್ದವನು, ಸರ್ಕಾರದ ದಂಡ ಮತ್ತು ಜಫ್ತಿಗೆ ಹೆದರಿ ಊರೂರೇ ತಿರುಗಿ ಸೇರಿದ್ದನ್ನು ಕಂಡು ಮನಸ್ಸು ಬದಲಿಸಿದ. ಯೇಸು ಹೇಳಿದ ಔತಣದ ಸಾಮ್ಯದಲ್ಲಿ ಯಜಮಾನ ದಾರಿಹೋಕರನ್ನು ಬಲವಂತದಿಂದ ಒಳಗೆ ಕರೆತರುವಂತೆ ಹೇಳುವುದೇ ಅವನ ಆಧಾರವಾಯಿತು. ಮರಣದಂಡನೆ ಬೇಡವೆಂದು ಅವನು ಅಧಿಕಾರಿಗಳಿಗೆ ಪತ್ರ ಬರೆದದ್ದುಂಟು. ಅವನ ವಾದವನ್ನು ಮುಂದೆ ಎತ್ತಿಕೊಂಡವರಿಗೆ ಆ ಸಂಕೋಚ ಉಳಿಯಲಿಲ್ಲ.

ಮಧ್ಯಯುಗದ ಪೋಪ್–ಚಕ್ರವರ್ತಿ ಕಲಹವನ್ನು ಇಲ್ಲಿ ವಿವರಿಸಬೇಕಾದ್ದಿಲ್ಲ. 494ರಲ್ಲಿ ಪೋಪ್ ಗೆಲೇಸಿಯಸ್ ಲೋಕವನ್ನು ಆಳುವ ಶಕ್ತಿಗಳು ಎರಡು ಎಂದು ಚಕ್ರವರ್ತಿ ಅನಸ್ತೇಸಿಯಸನಿಗೆ ಬರೆದ. 1077ರ ಜನವರಿಯಲ್ಲಿ ನಾಲ್ಕನೆಯ ಹೆನ್ರಿ ಕನೋಸ್ಸ ಕೋಟೆಯ ಬಾಗಿಲಲ್ಲಿ ಏಳನೆಯ ಗ್ರೆಗರಿಯ ಕ್ಷಮೆಗಾಗಿ ಕಾದು ನಿಂತ. 1302ರಲ್ಲಿ ಎಂಟನೆಯ ಬೋನಿಫೇಸ್ ಎರಡು ಕತ್ತಿಗಳೂ ಚರ್ಚಿನವೇ ಎಂದು ಸಾರಿದ. ಮರುವರ್ಷ ಫ್ರಾನ್ಸಿನ ಅರಸನ ಕಡೆಯವರು ಅನಾಗ್ನಿಯಲ್ಲಿ ಅವನನ್ನೇ ಸೆರೆಹಿಡಿದರು. ಈ ಗದ್ದಲದ ಮಧ್ಯೆ ಥಾಮಸ್ ಅಕ್ವೈನಸ್ ಹೇಳಿದ್ದು ಬಹುಕಾಲ ಬಾಳಿತು: ಸರ್ಕಾರ ಪಾಪದ ಮದ್ದು ಮಾತ್ರವಲ್ಲ. ಮನುಷ್ಯ ಸಂಘಜೀವಿಯಾದ್ದರಿಂದ ಆದಾಮ ಪಾಪ ಮಾಡದಿದ್ದರೂ ಎಲ್ಲರ ಹಿತವನ್ನು ನೋಡಿಕೊಳ್ಳುವ ಆಡಳಿತವೊಂದು ಇದ್ದೇ ಇರುತ್ತಿತ್ತು. ಕ್ಯಾಥೊಲಿಕ್ ಸಾಮಾಜಿಕ ಬೋಧನೆ ಇಂದಿಗೂ ಈ ತಳಪಾಯದ ಮೇಲೆಯೇ ನಿಂತಿದೆ.

ಪ್ರಾಟೆಸ್ಟಂಟರಲ್ಲಿ ಈ ಚರ್ಚೆ ಹೊಸದಾಗಿ ಹುಟ್ಟಿದ್ದು ಒಂದು ಜಫ್ತಿ ಆದೇಶದಿಂದ. 1522ರ ಸೆಪ್ಟೆಂಬರಿನಲ್ಲಿ ಮಾರ್ಟಿನ್ ಲೂಥರನ ಜರ್ಮನ್ ಹೊಸ ಒಡಂಬಡಿಕೆ ಅಚ್ಚಾಯಿತು. ಸ್ಯಾಕ್ಸನಿಯ ಡ್ಯೂಕ್ ಜಾರ್ಜ್ ತನ್ನ ಸೀಮೆಯಲ್ಲಿ ಆ ಪುಸ್ತಕವನ್ನು ನಿಷೇಧಿಸಿ, ಕೊಂಡವರು ಪ್ರತಿಗಳನ್ನು ಒಪ್ಪಿಸಬೇಕೆಂದ. ಒಪ್ಪಿಸಬೇಕೇ? 1523ರಲ್ಲಿ ಲೂಥರ್ ಬರೆದ ಲೌಕಿಕ ಅಧಿಕಾರದ ಕುರಿತ ಪುಸ್ತಿಕೆ ಈ ಪ್ರಶ್ನೆಗೆ ಬರೆದದ್ದು. ದೇವರು ಎರಡು ಬಗೆಯಲ್ಲಿ ಆಳುತ್ತಾನೆ: ವಾಕ್ಯದಿಂದ ಹೃದಯಗಳನ್ನು, ಕತ್ತಿಯಿಂದ ಹೊರನಡತೆಯನ್ನು. ಎಲ್ಲರೂ ನಿಜವಾದ ಕ್ರೈಸ್ತರಾಗಿದ್ದರೆ ಕತ್ತಿ ಬೇಕಾಗುತ್ತಿರಲಿಲ್ಲ. ಆದರೆ ಅಂಥವರು ಅಪರೂಪ. ತನಗಾದ ಅನ್ಯಾಯಕ್ಕೆ ಕ್ರೈಸ್ತನು ಕೈಯೆತ್ತಬಾರದು, ನೆರೆಯವನನ್ನು ಕಾಯಲು ಮಾತ್ರ ಕತ್ತಿ ಹಿಡಿಯಬಹುದು. ಬೇಕಾದರೆ ಗಲ್ಲಿಗೇರಿಸುವವನ ಕೆಲಸವನ್ನೂ ಸೇವೆಯೆಂದೇ ಮಾಡಬಹುದು. ಪೌಲನ ಗಂಟನ್ನು ಲೂಥರ್ ಬಿಡಿಸಿದ ರೀತಿ ಇದು: ಮನುಷ್ಯ ಒಬ್ಬನೇ, ಸ್ಥಾನ ಎರಡು. ಪುಸ್ತಕದ ವಿಷಯಕ್ಕೆ ಬಂದರೆ, ಪ್ರಜೆ ಒಂದು ಹಾಳೆಯನ್ನೂ ತಾನಾಗಿ ಕೊಡಬಾರದು. ಅಧಿಕಾರಿ ಮನೆ ಹೊಕ್ಕು ಕಿತ್ತುಕೊಂಡರೆ ಎದುರಿಸಲೂ ಬಾರದು. ನಂಬಿಕೆಯ ಮೇಲೆ ಅರಸನಿಗೆ ಅಧಿಕಾರವಿಲ್ಲ ಎಂಬ ಮಾತನ್ನು ಅಷ್ಟು ಖಡಾಖಂಡಿತವಾಗಿ ಹೇಳಿದ ದೊಡ್ಡ ದೇವಶಾಸ್ತ್ರಜ್ಞ ಆ ಶತಮಾನದಲ್ಲಿ ಅವನಿಗಿಂತ ಮುಂಚೆ ಇಲ್ಲ.

ಎರಡೇ ವರ್ಷಗಳಲ್ಲಿ ಅದರ ಇನ್ನೊಂದು ಮುಖ ಕಂಡಿತು. 1525ರ ಮಾರ್ಚಿನಲ್ಲಿ ಮೆಮ್ಮಿಂಗೆನ್ ಪಟ್ಟಣದಲ್ಲಿ ರೈತರು ಸಿದ್ಧಪಡಿಸಿದ ಹನ್ನೆರಡು ಬೇಡಿಕೆಗಳಲ್ಲಿ ಮೂರನೆಯದು ಜೀತದ ವಿರುದ್ಧ: ಕ್ರಿಸ್ತನು ಕುರುಬನನ್ನೂ ದೊರೆಯನ್ನೂ ಒಂದೇ ರಕ್ತದಿಂದ ಬಿಡಿಸಿಕೊಂಡ ಮೇಲೆ ಒಬ್ಬರು ಇನ್ನೊಬ್ಬರ ಸ್ವತ್ತಾಗುವುದು ಹೇಗೆ ಎಂಬುದು ಅವರ ವಾದ. ಲೂಥರನ ಮಟ್ಟಿಗೆ ಇದು ಎರಡು ಆಳ್ವಿಕೆಗಳ ಕಲಬೆರಕೆ, ಆತ್ಮದ ಸ್ವಾತಂತ್ರ್ಯವನ್ನು ಮೈಗೆ ಅನ್ವಯಿಸಿದ್ದು. ದಂಗೆ ಹಬ್ಬಿದಾಗ, ರೈತರನ್ನು ನಿರ್ದಾಕ್ಷಿಣ್ಯವಾಗಿ ಬಡಿಯಬೇಕೆಂದು ದೊರೆಗಳನ್ನು ಹುರಿದುಂಬಿಸುವ ಕರಪತ್ರ ಬರೆದ. ಮೇ 15ರಂದು ಫ್ರಾಂಕೆನ್‌ಹೌಸೆನ್ನಿನಲ್ಲಿ ರೈತರು ಸಾವಿರಗಟ್ಟಲೆ ಸತ್ತರು. ದೇವರ ರಾಜ್ಯವನ್ನು ಕತ್ತಿಯಿಂದ ತರಲು ಹೊರಟಿದ್ದ ಬೋಧಕ ಥಾಮಸ್ ಮ್ಯುಂಟ್ಸರನ ತಲೆ ಉರುಳಿತು. ರೈತರು ಕೇಳಿದ್ದು ಸೌದೆ, ಮೀನು, ಗೇಣಿ, ದಶಾಂಶಗಳ ನ್ಯಾಯವನ್ನು. ಮ್ಯುಂಟ್ಸರನ ಪ್ರಳಯಘೋಷವನ್ನೂ ಅವರ ಅಹವಾಲನ್ನೂ ಒಂದೇ ಗಂಟಿಗೆ ಕಟ್ಟಿದ್ದು ಲೂಥರನ ತೀರ್ಪಿನ ದೊಡ್ಡ ದೋಷ. ಅಲ್ಲಿಂದ ಮುಂದೆ ಲೂಥರನ್ ಚರ್ಚುಗಳು ಬಹುತೇಕ ದೊರೆಗಳ ಕೊಡೆಯ ಕೆಳಗೇ ಬೆಳೆದವು.

ಜಿನೀವದ ಕ್ಯಾಲ್ವಿನ್ ಸರ್ಕಾರಕ್ಕೆ ಇನ್ನೂ ಎತ್ತರದ ಸ್ಥಾನ ಕೊಟ್ಟ. ನಿಜವಾದ ಆರಾಧನೆಯನ್ನು ಕಾಪಾಡುವುದೂ ಅದರ ಕರ್ತವ್ಯವೆಂದ. ತ್ರಿತ್ವವನ್ನು ನಿರಾಕರಿಸಿದ ಮೈಕೆಲ್ ಸರ್ವೀಟಸನನ್ನು 1553ರಲ್ಲಿ ಆ ನಗರ ಸುಟ್ಟದ್ದು ಇದೇ ತತ್ತ್ವದ ಮೇಲೆ. ಆದರೆ ಕ್ಯಾಲ್ವಿನನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಒಂದು ಸಣ್ಣ ಕಿಂಡಿ ಇತ್ತು: ಅರಸನ ಅನ್ಯಾಯವನ್ನು ಸಾಮಾನ್ಯ ಪ್ರಜೆ ಸಹಿಸಬೇಕು, ಜನರ ಪರವಾಗಿ ನೇಮಕವಾದ ಕೆಳಹಂತದ ಅಧಿಕಾರಿಗಳು ಮಾತ್ರ ತಡೆಯಬಹುದು, ತಡೆಯಲೇಬೇಕು. ಫ್ರಾನ್ಸ್, ನೆದರ್ಲೆಂಡ್ಸ್, ಸ್ಕಾಟ್ಲೆಂಡುಗಳಲ್ಲಿ ಅವನ ಅನುಯಾಯಿಗಳು ಆ ಕಿಂಡಿಯನ್ನು ಬಾಗಿಲಾಗಿಸಿಕೊಂಡರು. ಇಂಗ್ಲೆಂಡಿನಲ್ಲಿ 1649ರಲ್ಲಿ ಒಂದನೆಯ ಚಾರ್ಲ್ಸ್ ವಧಾಸ್ಥಾನಕ್ಕೆ ನಡೆದದ್ದೂ ಬಹುಮಟ್ಟಿಗೆ ಅದರ ಮೂಲಕವೇ.

ಇವರೆಲ್ಲರಿಗಿಂತ ಬೇರೆಯಾಗಿ ನಿಂತವರು ಅನಾಬ್ಯಾಪ್ಟಿಸ್ಟರು. ಶಿಶುವಿಗೆ ದೀಕ್ಷಾಸ್ನಾನ ಸಲ್ಲದು, ನಂಬಿದವನೇ ಪಡೆಯಬೇಕು ಎಂಬುದು ಹೊರನೋಟಕ್ಕೆ ಸಂಸ್ಕಾರದ ವಿಚಾರ. ಆದರೆ ಹುಟ್ಟಿದ ಪ್ರತಿ ಮಗುವೂ ಊರಿನ ಪ್ರಜೆಯಾಗುವಂತೆಯೇ ಚರ್ಚಿನ ಸದಸ್ಯನೂ ಆಗುವ ವ್ಯವಸ್ಥೆಯನ್ನು ಅದು ಬುಡದಲ್ಲೇ ಕತ್ತರಿಸುತ್ತಿತ್ತು. ದೊರೆಗಳಿಗೆ ಭಯ ಹುಟ್ಟಿದ್ದು ಅದರಿಂದ. 1527ರ ಜನವರಿಯಲ್ಲಿ ಜ್ಯೂರಿಕ್ ನಗರ ಫೆಲಿಕ್ಸ್ ಮಾನ್ಸ್‌ನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿತು. ಫೆಬ್ರವರಿ 24ರಂದು ಷ್ಲೈಟ್‌ಹೈಮಿನಲ್ಲಿ ಸೇರಿದವರು ಏಳು ಕಲಮುಗಳನ್ನು ಒಪ್ಪಿಕೊಂಡರು. ಆರನೆಯದು ಕತ್ತಿಯ ಬಗ್ಗೆ: ಅದು ದೇವರ ಏರ್ಪಾಡೇ, ಆದರೆ ಕ್ರಿಸ್ತನ ಪರಿಪೂರ್ಣತೆಯ ಹೊರಗಿನ ಏರ್ಪಾಡು. ಶಿಷ್ಯರ ಸಭೆಯಲ್ಲಿ ಇರುವ ಏಕೈಕ ಶಿಕ್ಷೆ ಬಹಿಷ್ಕಾರ. ಆದ್ದರಿಂದ ಕ್ರೈಸ್ತನು ನ್ಯಾಯಾಧೀಶನಾಗಬಾರದು, ಅಧಿಕಾರಿಯಾಗಬಾರದು. ಆ ಕಲಮುಗಳನ್ನು ಬರೆದ ಮೈಕೆಲ್ ಸಾಟ್ಲರನನ್ನು ಮೂರು ತಿಂಗಳಲ್ಲಿ ರಾಟೆನ್‌ಬರ್ಗಿನಲ್ಲಿ ಚಿತ್ರಹಿಂಸೆ ಕೊಟ್ಟು ಸುಟ್ಟರು. ಟರ್ಕರು ದಂಡೆತ್ತಿ ಬಂದರೂ ಕತ್ತಿ ಹಿಡಿಯೆವು ಎಂದದ್ದೂ ಅವನ ಅಪರಾಧಗಳಲ್ಲಿ ಒಂದು. ಅದೇ ಚಳವಳಿಯ ಹೆಸರಿನಲ್ಲಿ 1534–35ರಲ್ಲಿ ಮ್ಯುನ್ಸ್ಟರ್ ನಗರವನ್ನು ಹಿಡಿದವರು ಹೊಸ ಯೆರೂಸಲೇಮನ್ನು ಸಾರಿ, ಬಹುಪತ್ನಿತ್ವ ತಂದು, ಒಪ್ಪದವರನ್ನು ಕೊಂದರು. ನಗರ ಹಿಡಿದವರ ನಾಯಕರ ಶವಗಳನ್ನು ತೂಗುಹಾಕಿದ ಕಬ್ಬಿಣದ ಪಂಜರಗಳು ಇಂದಿಗೂ ಅಲ್ಲಿನ ಸಂತ ಲ್ಯಾಂಬರ್ಟ್ ಚರ್ಚಿನ ಗೋಪುರದಲ್ಲಿವೆ. ಅದಾದ ಮೇಲೆ ಉಳಿದವರನ್ನು ಮೆನ್ನೊ ಸಿಮೊನ್ಸ್ ಶಾಂತಿಯ ದಾರಿಗೆ ತಂದ. ಇಂದಿನ ಮೆನೊನೈಟರು ಆ ಪರಂಪರೆಯವರು.

ಕತ್ತಿ ಬೇಡವೆನ್ನುವವರಿಗೇ ರಾಜ್ಯ ಸಿಕ್ಕಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಪೆನ್ಸಿಲ್ವೇನಿಯ ಸಾಕ್ಷಿ. ತಂದೆಗೆ ಸಲ್ಲಬೇಕಿದ್ದ ಸಾಲದ ಬಾಬ್ತು ಇಂಗ್ಲೆಂಡಿನ ಅರಸ 1681ರಲ್ಲಿ ಕೊಟ್ಟ ಆ ಸೀಮೆಯನ್ನು ಕ್ವೇಕರ್ ವಿಲಿಯಂ ಪೆನ್ ಸಹಿಷ್ಣುತೆಯ ನಾಡಾಗಿ ಕಟ್ಟಿದ. ಶಾಸನಸಭೆ ಬಹುಕಾಲ ಕ್ವೇಕರರ ಕೈಯಲ್ಲಿತ್ತು. ಯುದ್ಧಕ್ಕೆ ಹಣ ಬೇಕೆಂದು ಗವರ್ನರ್ ಕೇಳಿದಾಗ ಅವರು ಅರಸನ ಉಪಯೋಗಕ್ಕೆಂದು ಮಂಜೂರು ಮಾಡಿ, ಅದು ಏನಾಯಿತೆಂದು ವಿಚಾರಿಸದೆ ಇರುತ್ತಿದ್ದರು. ಒಮ್ಮೆ ಸಿಡಿಮದ್ದಿಗೆ ಹಣ ಕೇಳಿದಾಗ, ರೊಟ್ಟಿ, ಹಿಟ್ಟು, ಗೋಧಿ ಅಥವಾ ಇತರ ಕಾಳು ಕೊಳ್ಳಲು ಎಂದು ಮಂಜೂರಾಯಿತು. ಇತರ ಕಾಳು ಎಂದರೆ ಮದ್ದಿನ ಕಾಳೇ ಎಂದು ಗವರ್ನರ್ ಅರ್ಥ ಮಾಡಿಕೊಂಡ, ಸಭೆ ಆಕ್ಷೇಪಿಸಲಿಲ್ಲ ಎಂದು ಬೆಂಜಮಿನ್ ಫ್ರಾಂಕ್ಲಿನ್ ಆತ್ಮಕಥೆಯಲ್ಲಿ ನಗುತ್ತಾ ಬರೆದಿದ್ದಾನೆ. ಈ ಕಣ್ಣಾಮುಚ್ಚಾಲೆ 1756ರಲ್ಲಿ ನಿಂತಿತು. ಆ ವರ್ಷ ಡೆಲವೇರ್ ಬುಡಕಟ್ಟಿನವರ ಮೇಲೆ ಪ್ರಾಂತ್ಯ ಯುದ್ಧ ಸಾರಿದಾಗ ಆರು ಮಂದಿ ಕ್ವೇಕರ್ ಸದಸ್ಯರು ಸ್ಥಾನ ಬಿಟ್ಟರು. ಕೆಲ್ಸಸನ ಪ್ರಶ್ನೆಗೆ ಅವರ ಬಳಿಯೂ ಉತ್ತರವಿರಲಿಲ್ಲ, ಆದರೆ ಉತ್ತರವಿದೆಯೆಂದು ನಟಿಸುವುದನ್ನು ಬಿಟ್ಟರು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪಕ್ಷವನ್ನು ಕೊನೆಯ ಎಳೆಯವರೆಗೆ ಎಳೆದವರು ಟೆನೆಸ್ಸೀಯ ಡೇವಿಡ್ ಲಿಪ್ಸ್‌ಕಮ್ (1831–1917). ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅವರ ಸಭೆಯವರು ಎರಡೂ ಸೈನ್ಯಗಳ ನಡುವೆ ಸಿಕ್ಕಿಬಿದ್ದರು. 1862ರಲ್ಲಿ ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್‌ಗೆ ಸೈನ್ಯಸೇವೆಯಿಂದ ವಿನಾಯಿತಿ ಕೋರಿದ ಅರ್ಜಿ ಹೋಯಿತು; ಅಂಥದೇ ಅರ್ಜಿ ನ್ಯಾಶ್‌ವಿಲ್ ನಗರದಲ್ಲಿದ್ದ ಉತ್ತರದ ಮಿಲಿಟರಿ ಗವರ್ನರ್ ಆಂಡ್ರ್ಯೂ ಜಾನ್ಸನ್‌ಗೂ ಹೋಯಿತು. ಒಂದೇ ರೊಟ್ಟಿಯನ್ನು ಮುರಿದು ತಿಂದವರು ಎರಡು ಕಡೆ ನಿಂತು ಒಬ್ಬರನ್ನೊಬ್ಬರು ಕೊಂದದ್ದನ್ನು ಲಿಪ್ಸ್‌ಕಮ್ ಮರೆಯಲಿಲ್ಲ. ಯುದ್ಧ ಮುಗಿದ ಮೇಲೆ ತಮ್ಮ ಪತ್ರಿಕೆಯಲ್ಲಿ ಬರೆದು, 1889ರಲ್ಲಿ ಪುಸ್ತಕವಾಗಿಸಿದ ವಾದ ಇಷ್ಟು: ಮನುಷ್ಯರ ಸರ್ಕಾರ ಬಾಬೆಲಿನಲ್ಲಿ ದೇವರ ಆಳ್ವಿಕೆಯನ್ನು ಬೇಡವೆಂದಲ್ಲಿ ಹುಟ್ಟಿತು, ದಾನಿಯೇಲನು ಕಂಡ ಕಲ್ಲು ಲೋಕದ ರಾಜ್ಯಗಳನ್ನೆಲ್ಲ ಪುಡಿಮಾಡುವಂತೆ ದೇವರ ರಾಜ್ಯ ಅವನ್ನು ಕೊನೆಗಾಣಿಸುತ್ತದೆ. ಅಲ್ಲಿಯವರೆಗೆ ಕ್ರೈಸ್ತನು ಕಂದಾಯ ಕಟ್ಟಲಿ, ಕಾನೂನು ಪಾಲಿಸಲಿ. ಅಧಿಕಾರ ಹಿಡಿಯುವುದು ಬೇಡ, ಮತ ಹಾಕುವುದೂ ಬೇಡ, ಏಕೆಂದರೆ ಒಂದು ಸರ್ಕಾರವನ್ನು ಆರಿಸಿದವನು ಅದರ ಯುದ್ಧಕ್ಕೂ ಬಾಧ್ಯ. ಈ ಕೊನೆಯ ಮಾತನ್ನು ತಳ್ಳಿಹಾಕುವುದು ಕಾಣುವಷ್ಟು ಸುಲಭವಲ್ಲ. ಆದರೆ ಯುದ್ಧಾನಂತರದ ಟೆನೆಸ್ಸೀಯಲ್ಲಿ ಆಗತಾನೆ ಮತದ ಹಕ್ಕು ಪಡೆದ ಕಪ್ಪು ಕ್ರೈಸ್ತರಿಗೆ ಇದೇ ಉಪದೇಶ ಹೇಗೆ ಕೇಳಿಸಿದ್ದೀತು? ಕತ್ತಿಯನ್ನು ಮುಟ್ಟದಿರುವ ಆಯ್ಕೆ, ಅದು ತನ್ನ ಮೇಲೆ ಸುಲಭವಾಗಿ ಬೀಳದವನಿಗೆ ಅಗ್ಗವಾಗಿ ಸಿಗುತ್ತದೆ.

ಅದೇ ಕಾಲದ ನೆದರ್ಲೆಂಡ್ಸಿನಲ್ಲಿ ಅಬ್ರಹಾಂ ಕೈಪರ್ ಇದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿ ನಡೆದು, ಕುಟುಂಬ, ಚರ್ಚು, ವಿಶ್ವವಿದ್ಯಾಲಯ, ಸರ್ಕಾರ ಇವೆಲ್ಲವಕ್ಕೂ ಕ್ರಿಸ್ತನ ಕೆಳಗೆ ಪ್ರತ್ಯೇಕ ಸ್ವಾಧಿಕಾರವಿದೆಯೆಂದು ವಾದಿಸಿ, ಪಕ್ಷ ಕಟ್ಟಿ, 1901ರಿಂದ 1905ರವರೆಗೆ ಪ್ರಧಾನಿಯೂ ಆದರು. ಕ್ಯಾಥೊಲಿಕ್ ಚರ್ಚು ಹೊರಳಿದ್ದು ತಡವಾಗಿ, ಆದರೆ ಪೂರ್ತಿಯಾಗಿ: ಸತ್ಯಧರ್ಮಕ್ಕೆ ಸರ್ಕಾರದ ರಕ್ಷಣೆ ಬೇಕು ಎಂಬ ಹಳೆಯ ಪಾಠವನ್ನು ಬದಿಗಿಟ್ಟು, ಧಾರ್ಮಿಕ ಸ್ವಾತಂತ್ರ್ಯ ಪ್ರತಿ ಮನುಷ್ಯನ ಘನತೆಯಿಂದ ಬರುವ ಹಕ್ಕು ಎಂಬ ಘೋಷಣೆಯನ್ನು 1965ರ ಡಿಸೆಂಬರ್ 7ರಂದು ಎರಡನೆಯ ವ್ಯಾಟಿಕನ್ ಸಭೆ 2,308 ಮತಗಳಿಂದ ಒಪ್ಪಿತು, ವಿರೋಧ 70.

ಇಪ್ಪತ್ತನೆಯ ಶತಮಾನದ ಅಗ್ನಿಪರೀಕ್ಷೆ ಮಾತ್ರ ನಡೆದದ್ದು ಲೂಥರನ ನಾಡಿನಲ್ಲೇ. ಹಿಟ್ಲರನ ಪಕ್ಷ ವಹಿಸಿದ ‘ಜರ್ಮನ್ ಕ್ರೈಸ್ತರು’ ರೋಮಾಪುರದವರ ಪತ್ರವನ್ನೇ ಮುಂದೆ ಹಿಡಿದರು. 1934ರ ಮೇ 29ರಿಂದ 31ರವರೆಗೆ ಬಾರ್ಮೆನ್‌ನಲ್ಲಿ ಸೇರಿದ ಲೂಥರನ್, ರಿಫಾರ್ಮ್ಡ್ ಮತ್ತು ಸಂಯುಕ್ತ ಸಭೆಗಳ ಪ್ರತಿನಿಧಿಗಳು ಆರು ಸೂತ್ರಗಳನ್ನು ಸ್ವೀಕರಿಸಿದರು. ಅವು ಬಹುಪಾಲು ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಅವರು ಬರೆದವು. ಐದನೆಯ ಸೂತ್ರದ ಪ್ರಕಾರ, ಇನ್ನೂ ಬಿಡುಗಡೆ ಹೊಂದದ ಈ ಲೋಕದಲ್ಲಿ ನ್ಯಾಯವನ್ನೂ ಶಾಂತಿಯನ್ನೂ ಕಾಯುವುದು ದೇವರು ಸರ್ಕಾರಕ್ಕೆ ಒಪ್ಪಿಸಿದ ಕೆಲಸ, ಅದಕ್ಕಾಗಿ ಅದು ಬಲ ಬಳಸಬಹುದು. ಮನುಷ್ಯಜೀವನದ ಏಕಮಾತ್ರ, ಸರ್ವಸ್ವ ವ್ಯವಸ್ಥೆ ತಾನೇ ಎಂದು ಅದು ಹೊರಡಬಾರದು. ಚರ್ಚು ಸರ್ಕಾರದ ಅಂಗವಾಗಲೂ ಬಾರದು. ಪೌಲನ ವಚನ ಇಲ್ಲಿ ಆಜ್ಞೆಯ ಜೊತೆಗೆ ಅಳತೆಗೋಲೂ ಆಯಿತು: ಸರ್ಕಾರ ದೇವರ ಸೇವಕ ಎಂದರೆ, ಸೇವಕನ ಕೆಲಸವೇನೆಂದು ಕೇಳಬಹುದು. ಆದರೆ ಯೆಹೂದ್ಯರ ಬಗ್ಗೆ ಬಾರ್ಮೆನ್ ಒಂದು ಮಾತನ್ನೂ ಆಡಲಿಲ್ಲ. ಬಾರ್ತ್ ಮುಂದೆ ಇದನ್ನು ತಮ್ಮ ತಪ್ಪೆಂದು ಒಪ್ಪಿಕೊಂಡರು. ಅದರ ಹಿಂದಿನ ವರ್ಷವೇ ಡೀಟ್ರಿಶ್ ಬಾನ್‌ಹೋಫರ್ ಆ ವಿಷಯವನ್ನು ಎತ್ತಿದ್ದರು. ಸರ್ಕಾರವನ್ನು ಅದರ ಕರ್ತವ್ಯದ ಬಗ್ಗೆ ಪ್ರಶ್ನಿಸಬೇಕು, ಅದರ ಚಕ್ರಕ್ಕೆ ಸಿಕ್ಕಿದವರಿಗೆ, ಅವರು ಕ್ರೈಸ್ತರಲ್ಲದಿದ್ದರೂ, ನೆರವಾಗಬೇಕು, ಕೊನೆಗೆ ಚಕ್ರವನ್ನೇ ತಡೆಯಬೇಕಾಗಿ ಬರಬಹುದು ಎಂದು 1933ರಲ್ಲಿ ಬರೆದ ಅವರನ್ನು 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಲಾಯಿತು.

ಭಾರತದ ಕ್ರೈಸ್ತರಿಗೆ ಈ ಪ್ರಶ್ನೆ ಬೇರೆ ರೂಪದಲ್ಲಿ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಹೆಚ್ಚಾಗಿ ಜರ್ಮನಿಯ ವುರ್ಟೆಂಬರ್ಗಿನ ಭಕ್ತಿಪಂಥದ ಮನೆಗಳಿಂದ ಬಂದವರು. ರಾಜಕೀಯದಿಂದ ದೂರವಿದ್ದು ಶಾಲೆ, ಮುದ್ರಣಾಲಯ, ನೇಯ್ಗೆ, ಹೆಂಚಿನ ಕಾರ್ಖಾನೆ ನಡೆಸಿದರು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರದ ಕಣ್ಣಿಗೆ ಅವರಲ್ಲಿ ಜರ್ಮನರಾದವರು ಶತ್ರುದೇಶದ ಪ್ರಜೆಗಳು ಮಾತ್ರ. ಅವರು ಬಂಧನಕ್ಕೊಳಗಾದರು, ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. 1935ರ ಕಾಯಿದೆ ದೇಶೀಯ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತ್ತು. ಸಂವಿಧಾನ ಸಭೆಯಲ್ಲಿ ಆ ದಾರಿಯನ್ನು ಕೈಬಿಡಲಾಯಿತು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂಬ ನಿರ್ಣಯ 1949ರ ಮೇ ತಿಂಗಳಲ್ಲಿ ಬಂದಾಗ, ಅದನ್ನು ಮುಂದಿಟ್ಟವರಲ್ಲಿ ಪ್ರಮುಖರು ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳಿ ಕ್ರೈಸ್ತ ಎಚ್.ಸಿ. ಮುಖರ್ಜಿ. ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿತ್ ಪಾದ್ರಿ ಜೆರೋಮ್ ಡಿಸೋಜ ಅವರೂ ಆ ಸಭೆಯಲ್ಲಿದ್ದರು. ಸ್ಥಾನಗಳ ಬದಲು ನಂಬುವ, ಆಚರಿಸುವ, ಪ್ರಸಾರ ಮಾಡುವ ಹಕ್ಕು ಇಪ್ಪತ್ತೈದನೆಯ ವಿಧಿಯಲ್ಲಿ ಎಲ್ಲರಿಗೂ ಸಿಕ್ಕಿತು.

ಆ ವಿಧಿಯನ್ನು ಒರೆಗೆ ಹಚ್ಚಿದ ಒಂದು ಮೊಕದ್ದಮೆ ಕೇರಳದಿಂದ ಬಂತು. ಯೆಹೋವನ ಸಾಕ್ಷಿಗಳನ್ನು ಉಳಿದ ಚರ್ಚುಗಳು ಸಾಮಾನ್ಯವಾಗಿ ತಮ್ಮವರೆಂದು ಒಪ್ಪುವುದಿಲ್ಲ. ಆದರೆ ದೇವರ ರಾಜ್ಯಕ್ಕಲ್ಲದೆ ಬೇರೆ ಯಾವ ರಾಜ್ಯಕ್ಕೂ ಆರಾಧನೆಯಂತೆ ಕಾಣುವ ಗೌರವ ಸಲ್ಲಿಸಬಾರದೆಂಬ ಅವರ ನಿಲುವು ಮೊದಲ ಶತಮಾನಗಳದೇ. ಆ ಪಂಥದ ಮೂರು ಮಕ್ಕಳು ಶಾಲೆಯ ಬೆಳಗಿನ ಸಭೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ವರ್ಷಗಳಿಂದ ಯಾರೂ ಗಮನಿಸಿರಲಿಲ್ಲ. 1985ರ ಜುಲೈನಲ್ಲಿ ಶಾಸಕರೊಬ್ಬರು ಗಮನಿಸಿ ವಿಧಾನಸಭೆಯಲ್ಲಿ ಪ್ರಸ್ತಾಪಿಸಿದರು. ತನಿಖೆಗೆ ನೇಮಿಸಿದ ಆಯೋಗ, ಮಕ್ಕಳು ಕಾನೂನು ಪಾಲಿಸುವವರು, ಗೀತೆಗೆ ಅಗೌರವ ತೋರಿಲ್ಲ ಎಂದು ವರದಿ ಕೊಟ್ಟರೂ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಸುಪ್ರೀಂ ಕೋರ್ಟ್ 1986ರ ಆಗಸ್ಟ್ 11ರ ತೀರ್ಪಿನಲ್ಲಿ, ಹಾಡಲೇಬೇಕೆಂದು ಹೇಳುವ ಕಾನೂನು ಯಾವುದೂ ಇಲ್ಲ, ಇಲಾಖೆಯ ಸುತ್ತೋಲೆ ಮೂಲಭೂತ ಹಕ್ಕನ್ನು ಕಸಿಯಲಾರದು, ಎದ್ದು ನಿಲ್ಲುವುದೇ ಸಾಕಷ್ಟು ಗೌರವ ಎಂದು ಹೇಳಿ, ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು.